ತೂಕ ಇಳಿಸಲು ಪಥ್ಯ ಸಾಕು, ಇಳಿದದ್ದು ಉಳಿಯಲು ಜೊತೆಯವರು ಬೇಕು

ಗುಂಡ್ಲುಪೇಟೆ: ಬಂಡೀಪುರದ ಕಾಡಂಚಿನ ಊರುಗಳಲ್ಲಿ ಒಬ್ಬರ ಮೈ ಇಳಿಯಿತೆಂದರೆ ಅವರಿಗೆ ಮೊದಲು ಎದುರಾಗುವುದು ಮೆಚ್ಚುಗೆಯಲ್ಲ, ಅನುಮಾನ. "ಯಾಕವ್ವ ಹಿಂಗೆ ಸೊರಗೋದೆ, ಸಕ್ಕರೆ ಕಾಯ್ಲೆ ಬಂತಾ?" ಎಂಬ ಪ್ರಶ್ನೆ ಡೇರಿಯ ಮುಂದೆ, ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಕೇಳಿಬರುತ್ತದೆ. ಮೈ ತುಂಬಿಕೊಂಡಿರುವುದು ಅನುಕೂಲಸ್ಥರ ಗುರುತು, ಬಡಕಲಾಗುವುದು ಕಾಯಿಲೆಯ ಇಲ್ಲವೇ ಕಷ್ಟದ ಗುರುತು ಎಂಬ ನಂಬಿಕೆ ಮಳೆಯನ್ನೇ ನೆಚ್ಚಿದ ಸೀಮೆಯಲ್ಲಿ ಹುಟ್ಟಿದ್ದು. ಬರ ಕಂಡ ಜನರಿಗೆ ಅದು ಸಹಜವೂ ಹೌದು. ಆದರೆ ವೈದ್ಯರ ಮಾತು ಕೇಳಿ, ಆರು ತಿಂಗಳು ಬಾಯಿ ಕಟ್ಟಿ ನಾಲ್ಕು ಕೆ.ಜಿ. ಇಳಿಸಿದ ಮಧುಮೇಹಿಯೊಬ್ಬರು ಆ ಇಳಿಕೆಯನ್ನು ಉಳಿಸಿಕೊಳ್ಳುವರೋ ಕೈಬಿಡುವರೋ ಎಂಬುದು ಬಹುಮಟ್ಟಿಗೆ ಇಂಥ ಮಾತುಗಳ ಮೇಲೆಯೇ ನಿಂತಿರುತ್ತದೆ.

ತೂಕದ ಬಗ್ಗೆ ಬರುವ ಬರಹಗಳು ಸಾಮಾನ್ಯವಾಗಿ ಏನು ತಿನ್ನಬೇಕು, ಏನು ಬಿಡಬೇಕು ಎಂಬಲ್ಲಿಗೆ ಮುಗಿಯುತ್ತವೆ. ಅದು ವಿಷಯದ ಸುಲಭದ ಭಾಗ. ಮಂಡಿನೋವು, ಥೈರಾಯ್ಡ್, ಸಕ್ಕರೆ ಕಾಯಿಲೆ, ರಕ್ತದೊತ್ತಡ ಇವುಗಳಲ್ಲಿ ಒಂದನ್ನೋ ಎರಡನ್ನೋ ಹೊತ್ತುಕೊಂಡಿರುವ ನಡುವಯಸ್ಸಿನವರು ಇಳಿಸಿದ ತೂಕವನ್ನು ಐದು ವರ್ಷ, ಎಂಟು ವರ್ಷ ಕಾಯ್ದುಕೊಳ್ಳುವುದು ಹೇಗೆ ಎಂಬುದೇ ಕಠಿಣ ಪ್ರಶ್ನೆ. ಇದುವರೆಗೆ ನಡೆದಿರುವ ದೊಡ್ಡ ಅಧ್ಯಯನಗಳು ಅದಕ್ಕೆ ಕೊಡುವ ಉತ್ತರ ಮನೋಬಲದ ಉಪದೇಶವಲ್ಲ, ವರ್ಷಗಟ್ಟಲೆ ಬೆನ್ನಿಗೆ ನಿಲ್ಲುವ ಜನರ ಏರ್ಪಾಡು.

ದೇಹದ ಹಟ

ಇಳಿದ ತೂಕ ಮತ್ತೆ ಏರಿದರೆ ಅದನ್ನು ಸೋಮಾರಿತನವೆಂದು ಕರೆಯುವ ರೂಢಿಯಿದೆ. ದೇಹಶಾಸ್ತ್ರ ಬೇರೆಯದನ್ನೇ ಹೇಳುತ್ತದೆ. ದೇಹದಲ್ಲಿ ಕೊಬ್ಬಿನ ದಾಸ್ತಾನು ಸಾಕಷ್ಟಿದೆಯೆಂದು ಮಿದುಳಿಗೆ ತಿಳಿಸುವ ಲೆಪ್ಟಿನ್ ಎಂಬ ಹಾರ್ಮೋನು, ಕೊಬ್ಬು ಕರಗುತ್ತಿದ್ದಂತೆ ಕುಸಿಯುತ್ತದೆ. ಹಸಿವನ್ನು ಕೆರಳಿಸುವ ಗ್ರೆಲಿನ್ ಏರುತ್ತದೆ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹತ್ತು ವಾರಗಳ ಕಟ್ಟುನಿಟ್ಟಿನ ಪಥ್ಯದಿಂದ ಸರಾಸರಿ 13.5 ಕೆ.ಜಿ. ಇಳಿಸಿದವರಲ್ಲಿ ಒಂದು ವರ್ಷ ಕಳೆದರೂ ಈ ಹಾರ್ಮೋನುಗಳು ಹಳೆಯ ಮಟ್ಟಕ್ಕೆ ಮರಳಿರಲಿಲ್ಲ. ಅಮೆರಿಕದ ಟಿ.ವಿ. ಸ್ಪರ್ಧೆಯೊಂದರಲ್ಲಿ ಭಾರಿ ತೂಕ ಇಳಿಸಿದ್ದ 14 ಮಂದಿಯನ್ನು ಆರು ವರ್ಷದ ಬಳಿಕ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ವರದಿ ಇನ್ನೂ ಕಟು ಸತ್ಯವನ್ನು ಹೇಳಿತು. ಸುಮ್ಮನೆ ಕುಳಿತಾಗ ಅವರ ದೇಹ ವ್ಯಯಿಸುತ್ತಿದ್ದ ಶಕ್ತಿ, ಅವರ ಗಾತ್ರಕ್ಕೆ ನಿರೀಕ್ಷಿಸಬಹುದಾದುದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿಯಷ್ಟು ಕಡಿಮೆಯಿತ್ತು.

ಹೀಗಾಗಿ ತೂಕ ಇಳಿಸಿದವರು ಮೊದಲಿಗಿಂತ ಹೆಚ್ಚಿನ ಹಸಿವನ್ನು ಮೊದಲಿಗಿಂತ ಕಡಿಮೆ ಊಟದಲ್ಲಿ ನಿಭಾಯಿಸಬೇಕಾಗುತ್ತದೆ. ಅದೂ ತಿಂಗಳುಗಳ ಮಾತಲ್ಲ, ವರ್ಷಗಳ ಮಾತು. ಒಬ್ಬರೇ ಹಲ್ಲುಕಚ್ಚಿ ಮಾಡುವ ಕೆಲಸ ಇದಲ್ಲ.

ಈ ಹಟವನ್ನು ಮೀರಿದವರೂ ಇದ್ದಾರೆ. ಅಮೆರಿಕದಲ್ಲಿ 2001ರಲ್ಲಿ ಆರಂಭವಾದ 'ಲುಕ್ ಅಹೆಡ್' ಅಧ್ಯಯನದಲ್ಲಿ ಪಾಲ್ಗೊಂಡ 5,145 ಮಂದಿಯೂ ಟೈಪ್ 2 ಮಧುಮೇಹಿಗಳು, ನಡುವಯಸ್ಸು ದಾಟಿದವರು ಅಥವಾ ದಾಟುತ್ತಿದ್ದವರು. ಅವರಲ್ಲಿ ಅರ್ಧದಷ್ಟು ಜನರನ್ನು ಮೊದಲ ಆರು ತಿಂಗಳು ವಾರಕ್ಕೊಮ್ಮೆ, ಬಳಿಕ ಅಂತರ ಹೆಚ್ಚಿಸಿಯಾದರೂ ವರ್ಷಗಟ್ಟಲೆ ಬಿಡದೆ, ಗುಂಪಾಗಿಯೂ ಒಬ್ಬೊಬ್ಬರಾಗಿಯೂ ಭೇಟಿ ಮಾಡುತ್ತ ಬರಲಾಯಿತು. ಮೊದಲ ವರ್ಷ ಈ ಗುಂಪಿನ ತೂಕ ಸರಾಸರಿ ಶೇ 8.5ರಷ್ಟು ಇಳಿದಿತ್ತು. ಎಂಟನೆಯ ವರ್ಷಕ್ಕೆ ಆ ಇಳಿಕೆ ಶೇ 4.7ಕ್ಕೆ ಬಂದು ನಿಂತಿತು. ಸ್ವಲ್ಪ ಮರಳಿತು, ಪೂರ್ತಿ ಮರಳಲಿಲ್ಲ. ಎಂಟು ವರ್ಷದ ಕೊನೆಗೂ ಸುಮಾರು ಅರ್ಧ ಮಂದಿ ಶೇ 5 ಅಥವಾ ಅದಕ್ಕಿಂತ ಹೆಚ್ಚಿನ ಇಳಿಕೆಯನ್ನು ಉಳಿಸಿಕೊಂಡಿದ್ದರು. ಬರೀ ತಿಳಿವಳಿಕೆ ಪಡೆದ ಇನ್ನೊಂದು ಗುಂಪಿನಲ್ಲಿ ಈ ಪ್ರಮಾಣ ಮೂರರಲ್ಲಿ ಒಂದು ಭಾಗಕ್ಕಿಂತ ತುಸು ಹೆಚ್ಚು. ಹೃದಯಾಘಾತದ ಪ್ರಮಾಣದಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣದ ಕಾರಣ 2012ರಲ್ಲಿ ಈ ಪ್ರಯೋಗವನ್ನು ನಿಲ್ಲಿಸಲಾಯಿತೆಂಬುದನ್ನೂ ಇಲ್ಲಿ ಹೇಳಲೇಬೇಕು. ಆದರೆ ಓಡಾಡುವ ಶಕ್ತಿ, ನಿದ್ದೆಯಲ್ಲಿ ಉಸಿರುಕಟ್ಟುವ ತೊಂದರೆ, ಔಷಧಗಳ ಅಗತ್ಯ ಇವುಗಳಲ್ಲಿ ಲಾಭ ಸ್ಪಷ್ಟವಾಗಿತ್ತು.

ಈಚೆಗೆ ಪೇಟೆಗೆ ಬಂದಿರುವ ಚುಚ್ಚುಮದ್ದುಗಳ ಮಾತು ಗುಂಡ್ಲುಪೇಟೆಯ ಔಷಧ ಅಂಗಡಿಗಳಿಗೂ ತಲುಪಿರುವುದರಲ್ಲಿ ಆಶ್ಚರ್ಯವಿಲ್ಲ. ಮೌಂಜಾರೊ 2025ರ ಮಾರ್ಚ್‌ನಲ್ಲಿ, ವೆಗೋವಿ ಅದೇ ವರ್ಷದ ಜೂನ್‌ನಲ್ಲಿ ಭಾರತದಲ್ಲಿ ಮಾರಾಟಕ್ಕೆ ಬಂದವು. ಇವು ಹಸಿವನ್ನು ತಗ್ಗಿಸುವುದು ನಿಜ. ವೆಗೋವಿಯಲ್ಲಿರುವ ಸೆಮಾಗ್ಲುಟೈಡ್ ಔಷಧದ ಮುಖ್ಯ ಪ್ರಯೋಗದಲ್ಲಿ 68 ವಾರಗಳಲ್ಲಿ ತೂಕ ಸರಾಸರಿ ಶೇ 15ರಷ್ಟು ಇಳಿದಿತ್ತು. ಆದರೆ ಮದ್ದು ನಿಲ್ಲಿಸಿದ ಒಂದು ವರ್ಷದೊಳಗೆ ಇಳಿದದ್ದರಲ್ಲಿ ಮೂರರಲ್ಲಿ ಎರಡು ಭಾಗ ಮರಳಿತ್ತು. ವೈದ್ಯರ ನಿಗಾ ಇಲ್ಲದೆ ನಾಲ್ಕು ತಿಂಗಳು ಚುಚ್ಚಿಸಿಕೊಂಡು ಬಿಡುವವರಿಗೆ ಹಣವೂ ಹೋಗುತ್ತದೆ, ತೂಕವೂ ಬರುತ್ತದೆ.

ಮಿಷನ್ ಆಸ್ಪತ್ರೆಯ ಹಳೆಯ ದಾಖಲೆಗಳು

ಈ ಸೀಮೆಯವರ ದೇಹದ ಬಗ್ಗೆ ಜಗತ್ತಿಗೆ ತಿಳಿದಿರುವ ಒಂದು ಮುಖ್ಯ ಸಂಗತಿ ದೊರೆತದ್ದು ಸುಮಾರು 60 ಕಿ.ಮೀ. ದೂರದ ಮೈಸೂರಿನಲ್ಲಿ. ಜನ 'ಮಿಷನ್ ಆಸ್ಪತ್ರೆ' ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಡಲಾಗಿತ್ತು. ಇಂಗ್ಲೆಂಡಿನ ಸೌತಾಂಪ್ಟನ್‌ನ ಕ್ಯಾರೊಲಿನ್ ಫಾಲ್ ಮತ್ತು ಮೈಸೂರಿನ ವೈದ್ಯರು 1990ರ ದಶಕದಲ್ಲಿ ಆ ಹಳೆಯ ಪುಸ್ತಕಗಳನ್ನು ಹಿಡಿದು, ಆಗ ನಡುವಯಸ್ಸು ಮುಟ್ಟಿದ್ದ ಅದೇ 'ಮಕ್ಕಳನ್ನು' ಹುಡುಕಿದರು. 1996ರಲ್ಲಿ ಪ್ರಕಟವಾದ 517 ಜನರ ವರದಿಯಲ್ಲಿ, ಹುಟ್ಟಿದಾಗ 2.5 ಕೆ.ಜಿ. ಅಥವಾ ಅದಕ್ಕಿಂತ ಕಡಿಮೆ ತೂಗುತ್ತಿದ್ದವರಲ್ಲಿ ಶೇ 11ರಷ್ಟು ಮಂದಿಗೆ ಹೃದಯದ ರಕ್ತನಾಳದ ಕಾಯಿಲೆಯಿತ್ತು. 3.1 ಕೆ.ಜಿ.ಗಿಂತ ಹೆಚ್ಚಿದ್ದವರಲ್ಲಿ ಅದು ಶೇ 3 ಮಾತ್ರ. ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ ಗರ್ಭಿಣಿಯರನ್ನು ಸೇರಿಸಿಕೊಂಡು ಆರಂಭವಾದ 'ಪಾರ್ಥೆನಾನ್' ಅಧ್ಯಯನ ಇನ್ನೊಂದು ವಿಚಿತ್ರವನ್ನು ತೋರಿಸಿತು. ಇಲ್ಲಿಯ ಶಿಶುಗಳು ಯುರೋಪಿನ ಶಿಶುಗಳಿಗಿಂತ ಚಿಕ್ಕವು, ಸಣಕಲು. ಆದರೂ ಮುಂಡದ ಭಾಗದ ಚರ್ಮದಡಿಯ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆಯಾಗಿರಲಿಲ್ಲ.

ಇದರ ತಾತ್ಪರ್ಯ ಸರಳ. ತಾಯಿಯ ಹೊಟ್ಟೆಯಲ್ಲಿ ಅರೆಹೊಟ್ಟೆಗೆ ಒಗ್ಗಿದ ದೇಹ, ಮುಂದೆ ಅನ್ನ, ಸಕ್ಕರೆ, ಎಣ್ಣೆ ಧಾರಾಳವಾಗಿ ಸಿಕ್ಕಾಗ ಅದನ್ನು ಹೊಟ್ಟೆಯ ಸುತ್ತ ಕೂಡಿಡುತ್ತದೆ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ ಎಂಬ ಮೈಕಟ್ಟು ಇಲ್ಲಿ ಮನೆಮನೆಯಲ್ಲಿ ಕಾಣುವುದು ಈ ಕಾರಣಕ್ಕೇ. ಆದ್ದರಿಂದಲೇ ಭಾರತೀಯರಿಗೆ ಅಳತೆಗೋಲು ಬೇರೆ. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು. ಸೊಂಟದ ಸುತ್ತಳತೆ ಹೆಂಗಸರಲ್ಲಿ 80 ಸೆಂ.ಮೀ., ಗಂಡಸರಲ್ಲಿ 90 ಸೆಂ.ಮೀ. ಮೀರಬಾರದು. 2019–20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ಶೇ 30.1ರಷ್ಟು ಮಂದಿಯ ಸೂಚ್ಯಂಕ 25 ದಾಟಿತ್ತು. 2015–16ರಲ್ಲಿ ಅದು ಶೇ 23.3 ಇತ್ತು.

ಗುರಿಯೂ ಇದಕ್ಕೆ ತಕ್ಕಂತೆ ಸಣ್ಣದಾಗಿರಬೇಕು. 150 ಸೆಂ.ಮೀ. ಎತ್ತರ, 62 ಕೆ.ಜಿ. ತೂಕದ ಮಹಿಳೆಯ ಸೂಚ್ಯಂಕ 27.6. ಆಕೆ ಮದುವೆಯ ಕಾಲದ 45 ಕೆ.ಜಿ.ಗೆ ಮರಳಬೇಕೆಂದು ಯಾರೂ ಹೇಳುವುದಿಲ್ಲ. ಶೇ 5 ಎಂದರೆ 3 ಕೆ.ಜಿ., ಶೇ 7 ಎಂದರೆ 4 ಕೆ.ಜಿ.ಗೆ ತುಸು ಹೆಚ್ಚು. ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ಮಧುಮೇಹ ತಡೆ ಅಧ್ಯಯನದ ಗುರಿ ಇದೇ ಶೇ 7 ಮತ್ತು ವಾರಕ್ಕೆ 150 ನಿಮಿಷಗಳ ನಡಿಗೆಯಷ್ಟು ಶ್ರಮ. ಅಷ್ಟರಿಂದಲೇ ಮಧುಮೇಹ ಬರುವ ಸಂಭವ ಶೇ 58ರಷ್ಟು ತಗ್ಗಿತ್ತು. ಚೆನ್ನೈನಲ್ಲಿ 531 ಮಂದಿಯ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಭಾರತದ ಅಧ್ಯಯನದ ಫಲ ಇನ್ನೂ ಕುತೂಹಲಕರ. ಮೂರು ವರ್ಷದಲ್ಲಿ, ಏನೂ ಮಾಡದವರ ಪೈಕಿ ಶೇ 55 ಮಂದಿಗೆ ಮಧುಮೇಹ ಬಂದರೆ, ಊಟ ಮತ್ತು ನಡಿಗೆ ತಿದ್ದಿಕೊಂಡವರಲ್ಲಿ ಬಂದದ್ದು ಶೇ 39.3 ಮಂದಿಗೆ. ವಿಶೇಷವೆಂದರೆ ಅವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ತಕ್ಕಡಿಯ ಮುಳ್ಳು ಅಲುಗಲಿಲ್ಲವೆಂದು ಎಲ್ಲವನ್ನೂ ಬಿಟ್ಟುಬಿಡುವವರು ಈ ಒಂದು ಸಂಗತಿಯನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಕಾಯಿಲೆ ಅಡ್ಡ ಬಂದಾಗ

ಮಂಡಿ ನೋಯುವುದರಿಂದ ನಡೆಯಲಾಗದು, ನಡೆಯದಿದ್ದರೆ ತೂಕ ಇಳಿಯದು, ತೂಕ ಇಳಿಯದಿದ್ದರೆ ಮಂಡಿ ವಾಸಿಯಾಗದು. ಐವತ್ತು ದಾಟಿದ ಹೆಂಗಸರಲ್ಲಿ ಈ ಸುತ್ತು ತೀರ ಸಾಮಾನ್ಯ. ಇದನ್ನು ಊಟದ ಕಡೆಯಿಂದ ಮುರಿಯಬೇಕೇ ಹೊರತು ನಡಿಗೆಯ ಕಡೆಯಿಂದಲ್ಲ. ಮಂಡಿ ಸವೆತವಿದ್ದವರ ನಡಿಗೆಯನ್ನು ಯಂತ್ರಗಳಿಂದ ಅಳೆದು 2005ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಒಂದು ಕೆ.ಜಿ. ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಭಾರ ನಾಲ್ಕು ಕೆ.ಜಿ.ಯಷ್ಟು ಕಡಿಮೆಯಾಗುತ್ತದೆ. ಮೊದಲ ಮೂರು ಕೆ.ಜಿ. ಊಟದಿಂದ ಇಳಿಯಲಿ, ಕುರ್ಚಿಯ ಮೇಲೆ ಕುಳಿತು ಕಾಲು ನೀಡಿ ಮಡಿಸುವ ವ್ಯಾಯಾಮ ಜೊತೆಗಿರಲಿ, ನಡಿಗೆ ಆಮೇಲೆ ಬರಲಿ.

ಥೈರಾಯ್ಡ್ ಇರುವವರಲ್ಲಿ ಹತಾಶೆ ಹೆಚ್ಚು. "ನಂಗೆ ಥೈರಾಯ್ಡು, ಏನು ಮಾಡಿದ್ರೂ ಇಳಿಯಲ್ಲ" ಎಂಬುದು ಪೂರ್ತಿ ನಿಜವಲ್ಲ. ಗ್ರಂಥಿಯ ಮಂದತನದಿಂದ ಏರುವ ತೂಕ ಸಾಮಾನ್ಯವಾಗಿ ಎರಡರಿಂದ ಐದು ಕೆ.ಜಿ. ಮಾತ್ರ, ಅದರಲ್ಲೂ ಹೆಚ್ಚಿನದು ಉಪ್ಪು ಮತ್ತು ನೀರಿನ ಭಾರ. ಮಾತ್ರೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ, ಅರ್ಧದಿಂದ ಒಂದು ಗಂಟೆ ಕಾಫಿ, ಟೀ ಮುಟ್ಟದಿದ್ದರೆ ಅದು ಸರಿಯಾಗಿ ಕೆಲಸ ಮಾಡುತ್ತದೆ. ಏಳುತ್ತಿದ್ದಂತೆ ಕಾಫಿ ಲೋಟ ಹಿಡಿಯುವ ಮನೆಗಳಲ್ಲಿ ತಪ್ಪುವುದು ಇಲ್ಲಿಯೇ.

ಸಕ್ಕರೆ ಕಾಯಿಲೆಯವರದು ಬೇರೆ ಸಮಸ್ಯೆ. ಇನ್ಸುಲಿನ್, ಗ್ಲಿಮೆಪಿರೈಡ್, ಪಯೋಗ್ಲಿಟಜೋನ್ ಇವು ತೂಕವನ್ನು ಏರಿಸಬಲ್ಲವು. ಉಬ್ಬಸಕ್ಕೆ ನುಂಗುವ ಸ್ಟೀರಾಯ್ಡ್, ಮಾನಸಿಕ ಕಾಯಿಲೆಯ ಕೆಲವು ಮಾತ್ರೆಗಳು ಕೂಡ ಹಾಗೆಯೇ. ಹಾಗೆಂದು ಅವನ್ನು ತಾವಾಗಿಯೇ ನಿಲ್ಲಿಸುವುದು ಅಪಾಯ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರು ಸೋಮವಾರದ ಒಪ್ಪತ್ತು, ಶಿವರಾತ್ರಿಯ ಉಪವಾಸವನ್ನು ತೂಕ ಇಳಿಸುವ ದಾರಿಯಾಗಿ ಹಿಡಿದರೆ ಸಕ್ಕರೆ ಹಠಾತ್ತನೆ ಕುಸಿದು ಪ್ರಜ್ಞೆ ತಪ್ಪಬಹುದು. ಊಟ ತಗ್ಗಿಸುವ ಮೊದಲು ಮದ್ದಿನ ಪ್ರಮಾಣ ತಗ್ಗಿಸಬೇಕೇ ಎಂದು ವೈದ್ಯರನ್ನು ಕೇಳುವುದು ಅಗತ್ಯ.

ಇನ್ನು ಮನಸ್ಸಿನ ಮಾತು. ಖಿನ್ನತೆಯಿದ್ದಾಗ ಹಸಿವು, ನಿದ್ದೆ, ಉತ್ಸಾಹ ಮೂರೂ ಹದ ತಪ್ಪುತ್ತವೆ. ಅಂಥವರಿಗೆ ಹುರುಪಿನ ಮಾತು ಹೇಳಿ ಪ್ರಯೋಜನವಿಲ್ಲ, ಚಿಕಿತ್ಸೆ ಬೇಕು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು, ಖರ್ಚಿಲ್ಲ.

ಕಾಡಂಚಿನ ಹಾಡಿಗಳಿಗೆ ಈ ಯಾವ ಸಲಹೆಯನ್ನೂ ಹಾಗೆಯೇ ಎತ್ತಿಕೊಂಡು ಹೋಗಬಾರದು. ಸೋಲಿಗರು, ಜೇನುಕುರುಬರಲ್ಲಿ ಹಲವರ ಸಮಸ್ಯೆ ಕಡಿಮೆ ತೂಕ ಮತ್ತು ರಕ್ತಹೀನತೆ. ಬಿಳಿಗಿರಿರಂಗನ ಬೆಟ್ಟದಲ್ಲಿ 1981ರಿಂದ ಕೆಲಸ ಮಾಡುತ್ತ ಬಂದಿರುವ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕುಡಗೋಲು ಕಣ ರೋಗವನ್ನು ದೀರ್ಘಕಾಲದಿಂದ ಎದುರಿಸುತ್ತಿದೆ. ಆ ರೋಗವಿರುವವರಿಗೆ ನೀರಿಲ್ಲದ ಉಪವಾಸ, ಮೈಮೀರಿದ ದಣಿವು ಎರಡೂ ಅಪಾಯಕಾರಿ.

ಹುಲಿಯಿರುವ ಊರಿನಲ್ಲಿ ಮುಂಜಾನೆಯ ನಡಿಗೆ

ಬೆಳಿಗ್ಗೆ ಐದಕ್ಕೆದ್ದು ನಡೆಯಿರಿ ಎಂದು ಬೆಂಗಳೂರಿನ ವೈದ್ಯರು ಹೇಳಬಹುದು. ಹಂಗಳ, ಮಂಗಲ, ಬೇರಂಬಾಡಿ ಕಡೆಯವರಿಗೆ ಆ ಮಾತು ಅನ್ವಯಿಸದು. 2019ರಲ್ಲಿ ಚೌಡಹಳ್ಳಿ, ಹುಂಡೀಪುರ ಸುತ್ತಮುತ್ತ ಇಬ್ಬರು ರೈತರನ್ನು ಕೊಂದ ಹುಲಿಯನ್ನು ಅಕ್ಟೋಬರ್‌ನಲ್ಲಿ ಸೆರೆಹಿಡಿಯುವವರೆಗೆ ಜನ ಹೊಲಕ್ಕೆ ಹೋಗಲೂ ಹೆದರಿದ್ದರು. ಆನೆ, ಚಿರತೆಗಳ ಓಡಾಟವೂ ನಸುಕು ಮತ್ತು ಮುಸ್ಸಂಜೆಯಲ್ಲೇ ಹೆಚ್ಚು. ಹೆದ್ದಾರಿಗಳ ಕಥೆ ಬೇರೆ. ಊಟಿ ಮತ್ತು ವಯನಾಡಿನ ರಸ್ತೆಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಕಾಡಿನೊಳಗೆ ಸಂಚಾರ ನಿರ್ಬಂಧವಿರುವುದರಿಂದ ಗೇಟು ತೆರೆಯುವ ಹೊತ್ತಿಗೆ ವಾಹನಗಳು ನುಗ್ಗುತ್ತವೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟವನ್ನಾದರೂ ಹತ್ತಿಳಿಯೋಣವೆಂದರೆ ಅಲ್ಲಿಗೆ ಬುಡದಿಂದ ಸರ್ಕಾರಿ ಬಸ್ಸಿನಲ್ಲೇ ಹೋಗಬೇಕು.

ಆದ್ದರಿಂದ ಇಲ್ಲಿಯ ನಡಿಗೆ ಹಗಲಿನದಾಗಬೇಕು, ಊರೊಳಗಿನದಾಗಬೇಕು, ಜೊತೆಗಾರರದಾಗಬೇಕು. ಒಂದೇ ಬಾರಿಗೆ ಮುಕ್ಕಾಲು ಗಂಟೆ ನಡೆಯಬೇಕೆಂಬ ನಿಯಮವಿಲ್ಲ. ಮೂರು ಹೊತ್ತಿನ ಊಟದ ಬಳಿಕ ಬೀದಿಯಲ್ಲೋ ಶಾಲೆಯ ಅಂಗಳದಲ್ಲೋ ಹತ್ತು ಹತ್ತು ನಿಮಿಷ ನಡೆದರೂ ವಾರಕ್ಕೆ 150 ನಿಮಿಷ ಮೀರುತ್ತದೆ. ಊಟವಾದ ಮೇಲಿನ ನಡಿಗೆ ರಕ್ತದ ಸಕ್ಕರೆ ಏರುವುದನ್ನು ತಗ್ಗಿಸುತ್ತದೆ ಎಂಬ ಲಾಭ ಬೇರೆ.

ದಿನವಿಡೀ ಬಗ್ಗಿ ಚೆಂಡುಹೂವು ಬಿಡಿಸುವ, ಸಣ್ಣೀರುಳ್ಳಿ ಕೀಳುವ ಹೆಣ್ಣಾಳುಗಳಿಗೆ ನಡಿಗೆಯ ಉಪದೇಶ ಮಾಡುವುದು ಅವರ ದುಡಿಮೆಗೆ ಮಾಡುವ ಅವಮಾನ. ಅವರ ಶ್ರಮವೂ ಲೆಕ್ಕಕ್ಕೆ ಬರುತ್ತದೆ. ಅವರಿಗೆ ಬೇಕಾದದ್ದು ಹೊಟ್ಟೆ ತುಂಬುವ ಹಾಗೂ ಹದವಾದ ಊಟ, ವಿಶ್ರಾಂತಿ, ಪರೀಕ್ಷೆ. ಕೂಲಿ ಇಲ್ಲದ ತಿಂಗಳುಗಳಲ್ಲಿ ಊಟ ಹಾಗೆಯೇ ಉಳಿದು ಶ್ರಮ ನಿಂತಾಗ ಹೊಟ್ಟೆ ಬೆಳೆಯುತ್ತದೆ ಎಂಬುದನ್ನು ಮಾತ್ರ ಅವರು ಗಮನಿಸಬೇಕು.

ಜೊತೆಗಾರರ ಬಲವೇನೆಂಬುದು ಈ ಜಿಲ್ಲೆಯವರಿಗೆ ಹೊಸದಾಗಿ ಹೇಳಬೇಕಾದ ವಿಷಯವಲ್ಲ. ಶಿವರಾತ್ರಿ, ಯುಗಾದಿ, ದೀಪಾವಳಿಗೆ ಮಲೆ ಮಹದೇಶ್ವರ ಬೆಟ್ಟಕ್ಕೆ ಊರೂರುಗಳಿಂದ ಪಾದಯಾತ್ರೆ ಹೊರಡುತ್ತದೆ. ವರ್ಷದ ಉಳಿದ ದಿನಗಳಲ್ಲಿ ಬಸ್ ನಿಲ್ದಾಣದವರೆಗೂ ನಡೆಯದವರು ಮಾದಪ್ಪನಿಗೆ ಉಘೇ ಎನ್ನುತ್ತ ದಿನಗಟ್ಟಲೆ ನಡೆದು, ತಾಳಬೆಟ್ಟದಿಂದ ಮೇಲಕ್ಕೆ ಏರುತ್ತಾರೆ. ಕಾಲು ಅವೇ, ಮಂಡಿ ಅವೇ. ಮುಂದೊಬ್ಬರು, ಹಿಂದೊಬ್ಬರು, ದಾರಿಯಲ್ಲಿ ಮಜ್ಜಿಗೆ ಕೊಡುವವರು, ಹೊತ್ತಾದರೆ ಕಾಯುವವರು ಇರುತ್ತಾರೆಂಬುದೇ ವ್ಯತ್ಯಾಸ.

ನೆರೆಯ ಕೇರಳದ ಪ್ರಯೋಗ

ಇದೇ ತತ್ವವನ್ನು ಕ್ರಮಬದ್ಧವಾಗಿ ಪರೀಕ್ಷಿಸಿದ್ದು ಕೇರಳ. ತಿರುವನಂತಪುರ ಜಿಲ್ಲೆಯ 60 ಮತಗಟ್ಟೆ ಪ್ರದೇಶಗಳಲ್ಲಿ ಮಧುಮೇಹ ಬರುವ ಸಂಭವ ಹೆಚ್ಚಿದ್ದ 1,007 ಮಂದಿಯನ್ನು 2013ರಿಂದ ಎರಡು ವರ್ಷ ಗಮನಿಸಲಾಯಿತು. ಅರ್ಧ ಪ್ರದೇಶಗಳಲ್ಲಿ ಒಂದು ವರ್ಷದುದ್ದಕ್ಕೂ 15 ಗುಂಪು ಸಭೆಗಳು ನಡೆದವು. ಅವುಗಳಲ್ಲಿ 12 ಸಭೆಗಳನ್ನು ನಡೆಸಿದವರು ವೈದ್ಯರಲ್ಲ, ತರಬೇತಿ ಪಡೆದ ಅದೇ ಊರಿನ ಸಾಮಾನ್ಯ ಜನ. ಗುಂಪುಗಳು ಕೈತೋಟ, ಯೋಗ, ನಡಿಗೆ ಎಂದು ತಮ್ಮ ದಾರಿ ತಾವೇ ಕಂಡುಕೊಂಡವು. 2018ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಗುಂಪುಗಳಿದ್ದ ಕಡೆ ಶೇ 14.9, ಇಲ್ಲದ ಕಡೆ ಶೇ 17.1 ಮಂದಿಗೆ ಮಧುಮೇಹ ಬಂದಿತ್ತು. ಈ ಅಂತರ ಆಕಸ್ಮಿಕವಲ್ಲವೆಂದು ಹೇಳುವಷ್ಟು ದೊಡ್ಡದಲ್ಲ ಎಂದು ಸಂಶೋಧಕರೇ ಒಪ್ಪಿದರು. ಆದರೆ ಹಣ್ಣು-ತರಕಾರಿ ಸೇವನೆ ಹೆಚ್ಚಿತು, ತಂಬಾಕು ಮತ್ತು ಮದ್ಯ ತಗ್ಗಿತು. ಗುಂಪು ಕಟ್ಟಿದ ಮಾತ್ರಕ್ಕೆ ಕಾಯಿಲೆ ಓಡಿಹೋಗದು, ಅಭ್ಯಾಸಗಳು ಮಾತ್ರ ಗುಂಪಿನಲ್ಲಿ ಬದಲಾಗುತ್ತವೆ ಎಂದು ಇದನ್ನು ಓದಿಕೊಳ್ಳಬಹುದು.

ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಹೊಸ ಗುಂಪು ಕಟ್ಟಬೇಕಾಗಿಯೂ ಇಲ್ಲ. ಸ್ತ್ರೀಶಕ್ತಿ ಸಂಘಗಳು ವಾರವಾರ ಸೇರುತ್ತವೆ. ಡೇರಿಗೆ ಬೆಳಿಗ್ಗೆ, ಸಂಜೆ ಜನ ಬಂದೇ ಬರುತ್ತಾರೆ. ಹಸುವಿನ ಹಾಲಿನ ಫ್ಯಾಟ್ ಎಷ್ಟೆಂದು ದಿನಕ್ಕೆರಡು ಬಾರಿ ಚೀಟಿ ಪಡೆಯುವವರು ತಮ್ಮ ಸೊಂಟದ ಅಳತೆಯನ್ನು ವರ್ಷಕ್ಕೊಮ್ಮೆಯೂ ತೆಗೆಯುವುದಿಲ್ಲವೆಂಬುದು ತಮಾಷೆಯ ಸಂಗತಿ. ಅಳೆಯಲು ಟೇಪು ಹಿಡಿದು ಮನೆಗೇ ಬರುವವರೂ ಇದ್ದಾರೆ. 2017ರಿಂದ ಆರಂಭವಾದ ರಾಷ್ಟ್ರೀಯ ತಪಾಸಣಾ ಕಾರ್ಯಕ್ರಮದಲ್ಲಿ ಆಶಾ ಕಾರ್ಯಕರ್ತೆಯರು 30 ದಾಟಿದ ಪ್ರತಿಯೊಬ್ಬರ ವಯಸ್ಸು, ತಂಬಾಕು, ಮದ್ಯ, ಸೊಂಟದ ಸುತ್ತಳತೆ, ವಾರದ ಶ್ರಮ, ಮನೆತನದ ಕಾಯಿಲೆ ಇವನ್ನು ನಮೂನೆಯಲ್ಲಿ ತುಂಬಿ ಅಂಕ ಕೊಡುತ್ತಾರೆ. ಅಂಕ ನಾಲ್ಕು ದಾಟಿದರೆ ಬೇಗ ಪರೀಕ್ಷೆಗೆ ಹೋಗಬೇಕೆಂದರ್ಥ.

ಸಂಘದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಹತ್ತು ನಿಮಿಷವನ್ನು ಇದಕ್ಕೆ ಕೊಟ್ಟರೆ ಸಾಕು. ತಿಂಗಳಿಗೊಮ್ಮೆ ಸೊಂಟದ ಅಳತೆ, ಇಷ್ಟವಿದ್ದವರ ತೂಕ, ಈ ತಿಂಗಳು ಯಾರಿಗೆ ಎಲ್ಲಿ ತೊಡಕಾಯಿತೆಂಬ ಮಾತು, ಇಷ್ಟೇ. ತೂಕವನ್ನು ಎಲ್ಲರೆದುರು ಕೂಗಿ ಹೇಳುವುದು, ಏರಿದವರನ್ನು ನಗೆಪಾಟಲು ಮಾಡುವುದು ಖಂಡಿತ ಕೂಡದು. ನಾಚಿಕೆಗೊಂಡವರು ಇಳಿಸುವುದಿಲ್ಲ, ಸಭೆಗೆ ಬರುವುದನ್ನು ಬಿಡುತ್ತಾರೆ. ಮೂರು ಸಭೆ ತಪ್ಪಿಸಿದವರ ಮನೆಗೆ ಒಬ್ಬರು ಹೋಗಿ ಬರುವ ಪದ್ಧತಿಯೊಂದಿದ್ದರೆ, ಹಣ ಸುರಿದು ಸೇರುವ ಯಾವ ವ್ಯಾಯಾಮ ಶಾಲೆಯೂ ಕೊಡಲಾಗದ್ದನ್ನು ಸಂಘ ಕೊಟ್ಟಂತೆ.

ಒಲೆಯ ಮುಂದಿನ ಲೆಕ್ಕ

ಮನೆಯೊಳಗಿನ ಬೆಂಬಲವಿಲ್ಲದೆ ಹೊರಗಿನದು ನಿಲ್ಲದು. ಅತ್ತೆಗೆ ಬೇರೆ, ಮಕ್ಕಳಿಗೆ ಬೇರೆ, ತನಗೆ ಬೇರೆ ಅಡುಗೆ ಮಾಡುವ ಪಥ್ಯ ಎರಡು ವಾರ ನಡೆದೀತು. ಎಲ್ಲರೂ ಉಂಡ ಮೇಲೆ ಉಣ್ಣುವ ಹೆಂಗಸರು, ಉಳಿದದ್ದನ್ನು ಚೆಲ್ಲಬಾರದೆಂದು ತಿನ್ನುವ ಎರಡು ತುತ್ತೇ ವರ್ಷಕ್ಕೆ ಕೆಲವು ಕೆ.ಜಿ.ಗಳಾಗುತ್ತವೆ. ಮನೆಯವರೆಲ್ಲ ಒಟ್ಟಿಗೆ ಕುಳಿತು ಉಂಡರೆ ಆಕೆಗೆ ತನ್ನ ಊಟ ಎಷ್ಟೆಂದು ಕಣ್ಣಿಗೆ ಕಾಣುತ್ತದೆ.

ಟೀ, ಕಾಫಿಯ ಲೆಕ್ಕವನ್ನು ಯಾರೂ ಇಡುವುದಿಲ್ಲ. ಲೋಟಕ್ಕೆ ಎರಡು ಚಮಚ ಎಂದರೆ ಸುಮಾರು 10 ಗ್ರಾಂ ಸಕ್ಕರೆ. ಐದು ಲೋಟಕ್ಕೆ 50 ಗ್ರಾಂ, ಅಂದರೆ 200 ಕ್ಯಾಲೊರಿ. ಸಕ್ಕರೆ ಬಿಟ್ಟು ಬೆಲ್ಲ ಹಾಕಿಕೊಂಡರೆ ಈ ಲೆಕ್ಕ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ.

ರಾಗಿಯ ಬಗ್ಗೆಯೂ ಭ್ರಮೆ ಬೇಡ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 320 ಕ್ಯಾಲೊರಿ ಇದೆ, ಅಕ್ಕಿಗಿಂತ ಬಹಳ ಕಡಿಮೆಯೇನಲ್ಲ. ಆದರೆ ನಾರಿನ ಅಂಶ 100 ಗ್ರಾಂಗೆ ಸುಮಾರು 11 ಗ್ರಾಂ, ಬಿಳಿ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಮುದ್ದೆಯ ನಿಜವಾದ ಗುಣ ಅದು ಸೊಪ್ಪು, ಹುರುಳಿ, ಅವರೆಯ ಸಾರನ್ನು ಜೊತೆಗೆ ಕರೆದುಕೊಂಡು ಬರುತ್ತದೆ ಎಂಬುದರಲ್ಲಿದೆ. ಎರಡು ಮುದ್ದೆ ಉಂಡು ಮೇಲೊಂದು ತಟ್ಟೆ ಅನ್ನ ಬಡಿಸಿಕೊಳ್ಳುವ ಪದ್ಧತಿಯಲ್ಲಿ ಅನ್ನವನ್ನು ಬಿಟ್ಟು ಉಪ್ಸಾರಿನ ಸೊಪ್ಪು-ಕಾಳನ್ನು ಇನ್ನೊಂದು ಸೌಟು ಹಾಕಿಕೊಂಡರೆ ಹಸಿವೂ ಉಳಿಯುವುದಿಲ್ಲ, ಮನೆಯವರಿಗೆ ಬೇರೆ ಅಡುಗೆಯೂ ಬೇಕಿಲ್ಲ.

ಪ್ರಯತ್ನವಿಲ್ಲದೆ ತಾನಾಗಿಯೇ ತೂಕ ಇಳಿಯುತ್ತಿದ್ದರೆ ಮಾತ್ರ ನೆರೆಯವರ ಅನುಮಾನಕ್ಕೆ ಅರ್ಥವಿದೆ. ಹತೋಟಿ ತಪ್ಪಿದ ಮಧುಮೇಹ, ಕ್ಷಯ, ಥೈರಾಯ್ಡ್ ಅತಿಚಟುವಟಿಕೆ, ಕ್ಯಾನ್ಸರ್ ಇವೆಲ್ಲ ಹಾಗೆ ಕಾಣಿಸಿಕೊಳ್ಳಬಹುದು. ಎರಡು ವಾರ ಮೀರಿದ ಕೆಮ್ಮು ಜೊತೆಗಿದ್ದರೆ ಕಫ ಪರೀಕ್ಷೆ ಮಾಡಿಸಲೇಬೇಕು.

ಪರೀಕ್ಷೆಗೆ ಗುಂಡ್ಲುಪೇಟೆಯ ತಾಲ್ಲೂಕು ಆಸ್ಪತ್ರೆಯಿದೆ. ಹೆಚ್ಚಿನ ತಪಾಸಣೆಗೆ 2016ರಲ್ಲಿ ಆರಂಭವಾದ ಚಾಮರಾಜನಗರದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. 2023ರ ಜೂನ್ 11ರಿಂದ ಜಾರಿಯಾದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನ ಟಿಕೆಟ್ ಖರ್ಚಿಲ್ಲದಿರುವುದರಿಂದ ಸಂಘದ ಇಬ್ಬರು ಮೂವರು ಒಂದೇ ದಿನ ಗೊತ್ತುಮಾಡಿಕೊಂಡು ಹೋಗಿಬರುವುದು ಕಷ್ಟವಲ್ಲ. ಹೋಗುವಾಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಹಾಳೆಗಳನ್ನು, ನಾಟಿ ಔಷಧಿಯಿದ್ದರೆ ಅದನ್ನೂ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಬೇಕು. ಇವುಗಳಲ್ಲಿ ತೂಕ ಏರಿಸುವಂಥದ್ದು ಯಾವುದಾದರೂ ಇದೆಯೇ, ಊಟ ತಗ್ಗಿಸಿದರೆ ಯಾವುದರ ಪ್ರಮಾಣ ಬದಲಾಯಿಸಬೇಕು ಎಂಬ ಎರಡು ಪ್ರಶ್ನೆಗಳನ್ನು ಕೇಳಿ, ಮುಂದಿನ ಭೇಟಿಯ ತಾರೀಕನ್ನು ಚೀಟಿಯಲ್ಲಿ ಬರೆಸಿಕೊಂಡು ಬರಬೇಕು.